ನೀರು ತುಂಬುವ ಹಬ್ಬ ಮತ್ತು ಡಯಾಲಿಸಿಸ್ ಕೊಠಡಿ

ಮಾನ್ಯ ಸಂಪಾದಕರೇ,

ದೀಪಾವಳಿ ಮತ್ತು ಆಸ್ಪತ್ರೆ ಎರಡೂ ಒಂದೇ ಸುದ್ದಿಯಲ್ಲಿ ಬಂದರೆ ಅದು ಹೆಚ್ಚಾಗಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾದವರ ಸುದ್ದಿಯೇ ಆಗಿರುತ್ತದೆ. ಅದು ಬರಬೇಕಾದ ಸುದ್ದಿಯೇ, ಆಕ್ಷೇಪವಿಲ್ಲ. ಆದರೆ ಹಬ್ಬದ ದಿನವೂ ಆಸ್ಪತ್ರೆಯ ಬಾಗಿಲು ತೆರೆದಿರುವ ಕಾರಣಕ್ಕೇ ಹಬ್ಬ ಮಾಡಲು ಸಾಧ್ಯವಾಗುವ ಮನೆಗಳೂ ಇವೆ. 2025ರ ದೀಪಾವಳಿಯಲ್ಲಿ ನಮ್ಮದು ಅಂಥ ಮನೆಯಾಗಿತ್ತು.

ಮೂತ್ರಪಿಂಡಗಳೆರಡೂ ಕೈಕೊಟ್ಟಿರುವ ನಮ್ಮ ತಾಯಿಯವರಿಗೆ ಒಂದೂವರೆ ವರ್ಷದಿಂದ ವಾರಕ್ಕೆ ಮೂರು ಬಾರಿ, ಸೋಮವಾರ, ಬುಧವಾರ ಮತ್ತು ಶುಕ್ರವಾರ, ತಲಾ ನಾಲ್ಕು ಗಂಟೆ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ ಮಾಡಿ ಮೈಯಲ್ಲಿ ಉಳಿದ ನೀರನ್ನು ತೆಗೆಯುವ ಚಿಕಿತ್ಸೆ, ನಡೆಯುತ್ತಿದೆ. ಈ ಬಾರಿ ನರಕ ಚತುರ್ದಶಿ ಸೋಮವಾರ ಬಂತು, ಬಲಿಪಾಡ್ಯಮಿ ಬುಧವಾರ ಬಂತು. ಹಾಗಾಗಿ ನೀರು ತುಂಬುವ ಹಬ್ಬ ಅಕ್ಟೋಬರ್ 19ರ ಭಾನುವಾರ ಸಂಜೆಗೆ ಬಿತ್ತು. ಶುಕ್ರವಾರದಿಂದ ಸೋಮವಾರದವರೆಗಿನ ಅಂತರವೇ ವಾರದಲ್ಲಿ ಅತ್ಯಂತ ದೀರ್ಘವಾದದ್ದು. ಕುಡಿದ ನೀರು ಹೊರಹೋಗುವ ದಾರಿಯಿಲ್ಲದೆ ಕಾಲು ಬಾತು, ಮಲಗಿದರೆ ಏದುಸಿರು ಬರುವ ಹೊತ್ತೆಂದರೆ ಆ ಭಾನುವಾರದ ಸಂಜೆಯೇ.

ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ಲೀಟರು ಮೀರಬಾರದೆಂದು ವೈದ್ಯರು ನಮ್ಮ ತಾಯಿಗೆ ಹೇಳಿದ್ದಾರೆ. ಬೆಳಿಗ್ಗೆ ಅಷ್ಟು ನೀರನ್ನು ಒಂದು ಬಾಟಲಿಗೆ ತುಂಬಿಟ್ಟುಕೊಂಡು, ಕಾಫಿ ಕುಡಿದರೆ ಅಷ್ಟನ್ನು ಅದರಿಂದ ಚೆಲ್ಲಿ, ಉಳಿದದ್ದರಲ್ಲಿ ಅವರು ದಿನ ಕಳೆಯುತ್ತಾರೆ. ನಮ್ಮದು ತೆಂಗಿನ ಸೀಮೆ. ಹಿತ್ತಲಿನ ಮರಗಳಲ್ಲಿ ಎಳನೀರು ಜೋತಾಡುತ್ತಿದ್ದರೂ ಅದರಲ್ಲಿರುವ ಪೊಟ್ಯಾಸಿಯಂ ಹೃದಯಕ್ಕೆ ಅಪಾಯ ತರಬಹುದಾದ್ದರಿಂದ ಅವರು ಅದನ್ನು ಮುಟ್ಟುವಂತಿಲ್ಲ. ಇಂಥ ಸ್ಥಿತಿಯಲ್ಲಿ, ನೀರಿನ ಹೆಸರಿನಲ್ಲೇ ಮಾಡುವ ಹಬ್ಬವನ್ನು ಅವರ ಕಣ್ಣೆದುರು ಮಾಡುವುದು ಕ್ರೂರವೆಂದೇ ನನಗೂ ನನ್ನ ತಮ್ಮನಿಗೂ ಅನ್ನಿಸಿ, ಈ ವರ್ಷ ಹಬ್ಬ ಬೇಡವೆಂದು ತೀರ್ಮಾನಿಸಿದ್ದೆವು. ನಮ್ಮ ತಾಯಿ ಒಪ್ಪಲಿಲ್ಲ. ‘ನೀರು ಕುಡೀಬೇಡಿ ಅಂದವ್ರೆ, ತುಂಬಬೇಡಿ ಅಂದಿಲ್ವಲ್ಲ’ ಎಂದರು.

ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದು ನನ್ನ ಹೆಂಡತಿ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು ಕುತ್ತಿಗೆಗೆ ಬಳ್ಳಿ ಸುತ್ತಿದ್ದು ಮಕ್ಕಳು. ನೀರನ್ನು ಮಾತ್ರ ತಾಯಿಯವರೇ ತುಂಬಿದರು. ಅವರ ಎಡಗೈಯಲ್ಲಿ ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿರುವುದರಿಂದ ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಬಲಗೈಯಲ್ಲೇ ಚೊಂಬು ಚೊಂಬಾಗಿ, ನಡುನಡುವೆ ಕುಳಿತು ಸುಧಾರಿಸಿಕೊಳ್ಳುತ್ತಾ ತುಂಬಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆಯಾಯಿತು. ನಾವು ಯಾರೂ ಅವಸರ ಮಾಡಲಿಲ್ಲ. ಒಂದು ಹಂಡೆ ನೀರಿಗಾಗಿ ಮನೆಮಂದಿಯೆಲ್ಲ ಅಷ್ಟು ಹೊತ್ತು ಬಚ್ಚಲಲ್ಲಿ ನಿಂತದ್ದು ನನಗೆ ತಿಳಿದಂತೆ ಅದೇ ಮೊದಲು.

ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ ಮುಗಿಸಿ ಐದೂವರೆಗೆ ಹೊರಟರೆ ಹಬ್ಬದ ನಿಮಿತ್ತ ಬೆಳಗಿನ ಬಸ್ಸಿರಲಿಲ್ಲ. ಪಕ್ಕದ ಬೀದಿಯ ಆಟೋದವರು ಕರೆದೊಯ್ದರು, ದುಡ್ಡು ಮುಟ್ಟಲಿಲ್ಲ. ಆಸ್ಪತ್ರೆಯಲ್ಲಿ ಡಯಾಲಿಸಿಸ್ ತಂತ್ರಜ್ಞೆಯಾದ ಹುಡುಗಿ, ತಲೆಗೂದಲಿನ ಒದ್ದೆ ಇನ್ನೂ ಆರಿರದಿದ್ದರೂ, ಎಂದಿನಂತೆ ಯಂತ್ರ ಸಿದ್ಧಪಡಿಸಿಕೊಂಡು ನಿಂತಿದ್ದಳು. ಯಂತ್ರದಲ್ಲಿ ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಂತೆ ದ್ರಾವಣ ಹರಿಯುತ್ತದೆ, ನಾಲ್ಕು ಗಂಟೆಗೆ 120 ಲೀಟರು. ತೆಳುವಾದ ಪೊರೆಯೊಂದರ ಆಚೆ ರೋಗಿಯ ರಕ್ತವೇ ಇರುವುದರಿಂದ ಆ ನೀರು ಕುಡಿಯುವ ನೀರಿಗಿಂತಲೂ ಶುದ್ಧವಾಗಿರಬೇಕು ಎಂದು ಅವಳೇ ವಿವರಿಸಿದಳು. ನಮ್ಮ ತಾಯಿ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ‘ಹಂಗಾದ್ರೆ ನಮ್ಮ ಹಂಡೇಲಿ ಮೂರು ಹಂಡೆ’ ಎಂದರು.

ಕಷ್ಟ ಕೊಟ್ಟದ್ದಕ್ಕೂ ದೇವರಿಗೆ ಕೈ ಮುಗಿಯಬೇಕು ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಕಾಯಿಲೆ ಕಾಯಿಲೆಯೇ. ಮುಂದಿನ ದೀಪಾವಳಿಗೆ ಆ ಹಂಡೆಯನ್ನು ಯಾರು ತುಂಬುತ್ತಾರೆಂಬ ಪ್ರಶ್ನೆ ನಮ್ಮ ಮನೆಯಲ್ಲಿ ಯಾರ ತಲೆಯಿಂದಲೂ ಹೋಗಿಲ್ಲ. ಆದರೂ ಆ ಬೆಳಿಗ್ಗೆ ನನಗೆ ಉಂಟಾದದ್ದು ಕೃತಜ್ಞತೆಯೇ. ನೀರು ಶುದ್ಧೀಕರಿಸುವ ಘಟಕವನ್ನು ಹಿಂದಿನ ರಾತ್ರಿ ಪರೀಕ್ಷಿಸಿ ಹೋದವರು, ಕರೆಂಟು ಹೋದರೆ ಜನರೇಟರ್ ಹಾಕಲು ಕಾದು ಕುಳಿತವರು, ಮನೆಯ ಪೂಜೆಯನ್ನು ಮಧ್ಯಾಹ್ನಕ್ಕೆ ಮುಂದೂಡಿ ಬಂದ ಶುಶ್ರೂಷಕಿಯರು, ಇವರಲ್ಲಿ ಯಾರ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ. ಹದಿನೈದು ವರ್ಷಗಳ ಹಿಂದೆ ಇದೇ ಕಾಯಿಲೆಯಾದ ನಮ್ಮ ಸೋದರಮಾವ ಪ್ರತಿ ಬಾರಿಯೂ ಬೆಂಗಳೂರಿಗೆ ಹೋಗಬೇಕಾಗಿತ್ತು. ದುಡ್ಡು ಮತ್ತು ಮೈಯ ಕಸುವು ಎರಡೂ ಮುಗಿದ ಮೇಲೆ ಅವರು ಹೋಗುವುದನ್ನೇ ನಿಲ್ಲಿಸಿದರು. ಜಿಲ್ಲಾ ಆಸ್ಪತ್ರೆಗಳಲ್ಲೇ ಡಯಾಲಿಸಿಸ್ ಸಿಗುವಂತೆ ಮಾಡುವ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು 2016ರಲ್ಲಿ ಘೋಷಿಸಿದಾಗ ಆ ಸುದ್ದಿಯನ್ನು ನಾನು ಪೂರ್ತಿ ಓದಿರಲೂ ಇಲ್ಲ.

ಸಂಬಂಧಪಟ್ಟವರಲ್ಲಿ ಒಂದೇ ಕೋರಿಕೆ. ಡಯಾಲಿಸಿಸ್‌ಗೆ ರಜೆಯಿಲ್ಲವೆಂದ ಮೇಲೆ, ಹಬ್ಬದ ದಿನಗಳಲ್ಲಿ ಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಬೆಳಗಿನ ಒಂದು ಬಸ್ಸನ್ನಾದರೂ ನಿಲ್ಲಿಸಬಾರದು. ಎಲ್ಲರ ಬೀದಿಯಲ್ಲೂ ಆಟೋ ಇರುವುದಿಲ್ಲ.

ಬುಧವಾರ ಬಲಿಪಾಡ್ಯಮಿಯಂದು ನಮ್ಮ ತಾಯಿ ಒಂದು ಡಬ್ಬಿ ಹೋಳಿಗೆ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೊರಟರು. ಡಬ್ಬಿ ತೆಗೆದುಕೊಂಡ ಆ ಹುಡುಗಿ ‘ನೀವೆಷ್ಟು ತಿಂದ್ರಿ, ನಿಜ ಹೇಳಿ ಅಮ್ಮ’ ಎಂದು ಕೇಳಿದಳು. ‘ಅರ್ಧ’ ಎಂದರು ನಮ್ಮ ತಾಯಿ. ಅವಳು ನಗುತ್ತಾ ತೂಕದ ಯಂತ್ರದ ಕಡೆಗೆ ಕೈ ತೋರಿಸಿದಳು.

ಇಂತಿ,
ಓದುಗ, ತುಮಕೂರು ಜಿಲ್ಲೆ