ಮಗಳಿಗೊಂದು ಪತ್ರ: ಹದಿನಾಲ್ಕನೆಯ ಅಧ್ಯಾಯ ತೆಗೆಯುವ ಮುನ್ನ

ಪುಟ್ಟೀ,

ಫೋನಿನಲ್ಲಿ ಆದ ಮಾತನ್ನು ಮತ್ತೆ ಎತ್ತುವುದಿಲ್ಲ. ಇಬ್ಬರಿಗೂ ನೆನಪಿದೆ. ನೀನು ಕಡೆಯಲ್ಲಿ ಹೇಳಿದ ಒಂದು ಮಾತಿಗಾಗಿ ಮಾತ್ರ ಈ ಪತ್ರ. ಸತ್ತವರ ದನಿಯನ್ನು ಗಡಿಗೆಯಲ್ಲಿ ಕಾಪಿಡುವ ದಫ್ತರದ ಬಗ್ಗೆ ನೀನು ಬರೆದ ಕಾದಂಬರಿಯ ಎರಡನೆಯ ಮುದ್ರಣಕ್ಕೆ ಹದಿನಾಲ್ಕನೆಯ ಅಧ್ಯಾಯವನ್ನು ಪೂರ್ತಿ ಕಿತ್ತುಹಾಕುತ್ತೇನೆ, ಆಸ್ತಿ ವ್ಯಾಜ್ಯದ ಎಳೆಯನ್ನೂ ಮೊಟಕು ಮಾಡುತ್ತೇನೆ, ಬರೀ ಪತ್ತೇದಾರಿ ಫ್ಯಾಂಟಸಿ ಉಳಿಯಲಿ ಎಂದೆಯಲ್ಲ, ಆ ಮಾತು. ಪ್ರಕಾಶಕರು ತಿದ್ದಿದ ಪ್ರತಿ ಕೇಳಿರುವುದು 25ನೇ ತಾರೀಕಿಗೆ. ಅದಕ್ಕೆ ಮೊದಲೇ ಇದು ನಿನ್ನ ಕೈಸೇರಲಿ.

ಓದುಗರು ಅಭಿಪ್ರಾಯಗಳಲ್ಲಿ ಹೇಳಿದ್ದೆಲ್ಲ ಸುಳ್ಳು ಎಂದು ಸಮಾಧಾನ ಹೇಳಲು ಬರೆಯುತ್ತಿಲ್ಲ. ಬಹುಪಾಲು ನಿಜವನ್ನೇ ಹೇಳಿದ್ದಾರೆ. ಆದರೆ ಓದುಗರಿಗೆ ತಾವು ಎಲ್ಲಿ ಎಡವಿದೆವು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಎಡವಿದ್ದು ಯಾಕೆ, ಸರಿಮಾಡುವುದು ಹೇಗೆ ಎಂಬುದು ಅನೇಕ ಸಲ ಗೊತ್ತಿರುವುದಿಲ್ಲ. "ಇಲ್ಲಿ ನನಗೆ ಕಥೆ ಕೈಬಿಟ್ಟು ಹೋಯಿತು" ಎನ್ನುವುದು ಸಾಕ್ಷಿ. "ಈ ಅಧ್ಯಾಯ ಬೇಕಿರಲಿಲ್ಲ" ಎನ್ನುವುದು ಸಲಹೆ. ಸಾಕ್ಷಿಯನ್ನು ಒಂದಕ್ಷರ ಬಿಡದೆ ತಗೋ. ಸಲಹೆಯನ್ನು ಪಕ್ಕಕ್ಕಿಡು.

ಓದುಗರು ಕೊಟ್ಟ ಸ್ಟಾರ್‌ಗಳ ಸರಾಸರಿ 5ಕ್ಕೆ 3.2 ಎಂದು ಕೊರಗುತ್ತಿದ್ದೀಯ. ಆ 64 ಅಭಿಪ್ರಾಯಗಳನ್ನು ಬಿಡಿಸಿ ನೋಡು: 5 ಸ್ಟಾರ್ ಕೊಟ್ಟವರು 23 ಜನ, 4 ಕೊಟ್ಟವರು 9, 3 ಕೊಟ್ಟವರು ಬರೀ 5, 2 ಕೊಟ್ಟವರು 12, 1 ಕೊಟ್ಟವರು 15. ಎಲ್ಲರಿಗೂ ಸುಮಾರಾಗಿ ಕಂಡ ಪುಸ್ತಕಕ್ಕೂ 3.2 ಬರುತ್ತದೆ, ಆದರೆ ಅಲ್ಲಿ ಹೆಚ್ಚಿನವರು 3ರಲ್ಲೇ ಕೂತಿರುತ್ತಾರೆ. ನಿನ್ನಲ್ಲಿ ನಡುವೆ ಖಾಲಿ. ಪ್ರಕಾರಗಳನ್ನು ಬೆರೆಸಿದ ಕಾದಂಬರಿಗೆ ಇದು ಸಹಜ. ಪತ್ತೇದಾರಿಗೆಂದು ಬಂದವರಿಗೆ ಒಗಟು ಬಿಡಿಸಬೇಕು, ಫ್ಯಾಂಟಸಿಗೆಂದು ಬಂದವರಿಗೆ ಹೊಸ ಲೋಕ ಬೇಕು, ಮನೆತನದ ಕಥೆಗೆಂದು ಬಂದವರಿಗೆ ಮನುಷ್ಯರು ಬೇಕು. ಈ ಸರಾಸರಿಯನ್ನು ಮೇಲೆತ್ತಲು ಪುಸ್ತಕವನ್ನು ಒಂದೇ ಪ್ರಕಾರಕ್ಕೆ ಇಳಿಸಿದರೆ ಕೆಳಗಿನ 27 ಜನ ತಿರುಗಿ ಬರುತ್ತಾರೆಂಬ ಖಾತ್ರಿಯಿಲ್ಲ. ಆ 23 ಜನರನ್ನು ಕಳೆದುಕೊಳ್ಳುವುದಂತೂ ಖಂಡಿತ.

ಆ 27ನ್ನೂ ಒಂದೊಂದಾಗಿ ಓದು. ಹಾಳೆಯಲ್ಲಿ ನಾಲ್ಕು ಕಲಂ ಹಾಕು: ಏನೆಂದುಕೊಂಡು ಪುಸ್ತಕ ಕೈಗೆತ್ತಿಕೊಂಡರು, ಎಲ್ಲಿಯವರೆಗೆ ಓದಿದರು, ಎಲ್ಲಿ ಎಡವಿದರು, ಏನು ಮಾಡು ಎಂದರು. ನಾಲ್ಕನೆಯದನ್ನು ತುಂಬಿ, ಹಾಳೆ ಮಡಚಿ ಮರೆಮಾಡು. ಉಳಿದ ಮೂರನ್ನೇ ನೋಡು. ನಾನು ಹಾಗೆ ಮಾಡಿಟ್ಟುಕೊಂಡಿದ್ದೇನೆ. 13 ಜನ ಎಲ್ಲಿ ಬಿಟ್ಟೆವೆಂದು ಹೇಳಿದ್ದಾರೆ. ಅವರಲ್ಲಿ 9 ಮಂದಿ ಬಿಟ್ಟದ್ದು 38ರಿಂದ 61ನೇ ಪುಟದ ಒಳಗೆ. ಹದಿನಾಲ್ಕನೆಯ ಅಧ್ಯಾಯ ಶುರುವಾಗುವುದು 203ರಲ್ಲಿ. ಅವರು ಅಲ್ಲಿಗೆ ಬಂದೇ ಇಲ್ಲ, ಪುಟ್ಟಿ! ಓದು ನಿಂತ ಜಾಗಗಳು ಪುಸ್ತಕದ ಉದ್ದಕ್ಕೂ ಚದುರಿದ್ದರೆ ಅದು ಅವರವರ ಅಭಿರುಚಿ ಅಂದುಕೊಳ್ಳಬಹುದು. ಒಂದೇ ಕಡೆ ಗುಂಪಾಗಿದ್ದರೆ ದೋಷ ಬರವಣಿಗೆಯಲ್ಲಿದೆ.

ಆ 24 ಪುಟಗಳಲ್ಲಿ ನೀನು 17 ಹೊಸ ಪದ ತಂದಿದ್ದೀಯ. ದನಿಗಡಿಗೆ, ಕೂಗುಚೀಟಿ, ಮೊಹರಿನವಳು, ಮೌನದ ಖಾತೆ... ಒಂದೊಂದೂ ಚೆನ್ನ, ಆದರೆ ಒಟ್ಟಿಗೆ ಬಂದರೆ ತಲೆಯಲ್ಲಿ ನಿಲ್ಲುವುದಿಲ್ಲ. ಅಧ್ಯಾಯಕ್ಕೆ ಮೂರೋ ನಾಲ್ಕೋ ಸಾಕು. ಪದ ಬಂದ ಜಾಗದಲ್ಲೇ ಯಾರಾದರೂ ಆ ವಸ್ತುವನ್ನು ಮುಟ್ಟಬೇಕು, ಬಳಸಬೇಕು, ಇಲ್ಲವೇ ಅದಕ್ಕಾಗಿ ಜಗಳವಾಡಬೇಕು. ವಿವರಣೆ 44ರಲ್ಲಿ, ಬಳಕೆ 131ರಲ್ಲಿ ಇದ್ದರೆ ಓದುಗರು ನಡುವೆ ಮರೆತಿರುತ್ತಾರೆ, ಮರೆತೆವೆಂದು ತಮ್ಮ ಮೇಲೇ ಬೇಸರಪಟ್ಟು ಪುಸ್ತಕ ಮುಚ್ಚುತ್ತಾರೆ. ಆರು ಪದಗಳು 120ನೇ ಪುಟದ ತನಕ ಬೇಕೇ ಇಲ್ಲ. ಅವನ್ನು ಮುಂದಕ್ಕೆ ತಳ್ಳು. ಕೊನೆಯಲ್ಲಿ ಪದಕೋಶ ಹಾಕಿದರೆ ಸಾಲದೇ ಎನ್ನಬೇಡ. ಪುಟ ತಿರುವಿ ಹಿಂದೆಮುಂದೆ ಓಡಾಡುವಾಗಲೇ ಕಥೆಯ ಹಿಡಿತ ಸಡಿಲವಾಗುತ್ತದೆ.

ಮೊದಲ ಅಧ್ಯಾಯವನ್ನು ಮಾತ್ರ ಮುಟ್ಟಬೇಡ. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಕಾವ್ಯಮೀಮಾಂಸಕ ಅಭಿನವಗುಪ್ತ ಹೇಳುವಾಗ ಮೊದಲು ಎಣಿಸುವುದೇ 'ಹೀಗೆ ಆದೀತೆ?' ಎಂಬ ಅಪನಂಬಿಕೆಯನ್ನು. ಲೋಕೋತ್ತರ ಸಂಗತಿಗೆ ರಾಮನಂಥ ಪ್ರಸಿದ್ಧ ನಾಯಕರು ಬೇಕೆನ್ನುವುದು ಅದಕ್ಕೇ; ಅವರಾದರೆ ಜನ ಮೊದಲೇ ನಂಬಿರುತ್ತಾರೆ. ನಿನ್ನ ಲೋಕಕ್ಕೆ ಆ ಪ್ರಸಿದ್ಧಿಯ ಆಸರೆಯಿಲ್ಲ. ಗಡಿಗೆಯ ಬಾಯಿಗೆ ಸುರಿದ ಅರಗು, ಎಡಗೈಯಲ್ಲಿ ಬರೆದ ದಾಖಲೆ ಪುಸ್ತಕ, ಸಾಲಿನಲ್ಲಿ ನಿಂತ ವಾರಸುದಾರರ ಬೆವರು, ಇವುಗಳಿಂದ ನೀನು ಆ ನಂಬಿಕೆ ಕಟ್ಟಿದ್ದೀಯ. ಬದುಕಿರುವ ಮನುಷ್ಯನ ದನಿ ಗಡಿಗೆಯೊಳಗಿಂದ ಕೇಳಿದಾಗ ಯಾರೂ 'ಅದು ಹೇಗೆ?' ಅನ್ನುವುದಿಲ್ಲ, 'ಹಾಗಾದರೆ ಇವನು ಯಾರು?' ಅನ್ನುತ್ತಾರೆ. ನನಗೆ ಎಷ್ಟು ಹೆಮ್ಮೆ ಎಂದು ಬರೆದು ತಿಳಿಸಲಾರೆ.

ಇನ್ನು ಬೆನ್ನುಡಿ. 'ಕೊಲೆಗಾರನ ಬೆನ್ನಟ್ಟುವ ರೋಚಕ ಪತ್ತೇದಾರಿ ಫ್ಯಾಂಟಸಿ' ಎಂದು ಹಾಕಿದ್ದಾರೆ. ಪುಸ್ತಕದಲ್ಲಿ ಕೊಲೆಗಾರನೇ ಇಲ್ಲ! "ಕೊಲೆ ಎಲ್ಲಿ?" ಎಂದು ಕೇಳಿದವರು ಕೇಳಿದ್ದು ಸರಿ. ಓದುಗ ಬರಿಗೈಯಲ್ಲಿ ಬರುವುದಿಲ್ಲ, ಹಿಂದೆ ಓದಿದ್ದರಿಂದ ಹುಟ್ಟಿದ ನಿರೀಕ್ಷೆಗಳನ್ನು ಹೊತ್ತೇ ಬರುತ್ತಾನೆ ಎಂದು ಜರ್ಮನ್ ವಿದ್ವಾಂಸ ಹಾನ್ಸ್ ರಾಬರ್ಟ್ ಯೌಸ್ 1967ರಲ್ಲೇ ವಾದಿಸಿದ್ದರು. ಆ ನಿರೀಕ್ಷೆಯನ್ನು ತಪ್ಪು ದಿಕ್ಕಿಗೆ ತಿರುಗಿಸಿದ್ದು ಕಾದಂಬರಿಯಲ್ಲ, ರಕ್ಷಾಪುಟದ ಎರಡು ಸಾಲು. ಆ ಸಾಲು ಬದಲಾಯಿಸು, ಕಾದಂಬರಿಯನ್ನಲ್ಲ. ಮೊದಲ ವಾಕ್ಯದಲ್ಲಿ ಗಡಿಗೆ ದಫ್ತರ ಬರಲಿ, ಎರಡನೆಯದರಲ್ಲಿ ಒಗಟು, ಮೂರನೆಯದರಲ್ಲಿ ಮನೆ ಮತ್ತು ಆಸ್ತಿ. ಮೂರನ್ನೂ ಕಂಡು ಕೈಗೆತ್ತಿಕೊಂಡವರು ನಡುವೆ ಮೋಸಹೋದೆವು ಅನ್ನುವುದಿಲ್ಲ.

"ಇದು ಫ್ಯಾಂಟಸಿಯೇ ಅಲ್ಲ" ಎಂದವರನ್ನು ಬಿಟ್ಟುಬಿಡು. ಇಂಗ್ಲಿಷ್ ಕಾದಂಬರಿಕಾರ ಚೈನಾ ಮಿಯೆವಿಲ್ ಅವರ 'ದಿ ಸಿಟಿ ಆ್ಯಂಡ್ ದಿ ಸಿಟಿ' ಪೊಲೀಸ್ ತನಿಖೆಯ ಕಥೆ, ಒಂದೇ ಜಾಗದಲ್ಲಿರುವ ಎರಡು ನಗರಗಳ ಕಥೆ. ಅದನ್ನು ಯಾವ ಕಪಾಟಿನಲ್ಲಿಡಬೇಕೆಂಬ ಚರ್ಚೆ ನಡೆದೇ ಇತ್ತು, 2010ರಲ್ಲಿ ವಿಜ್ಞಾನ ಕಥೆ, ಫ್ಯಾಂಟಸಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು.

ಈಗ ಹದಿನಾಲ್ಕನೆಯ ಅಧ್ಯಾಯ. ಅದು ಬೇಡವೆಂದು ಬರೆದವರು 6 ಜನ. ಅದನ್ನೇ ಹೆಸರಿಸಿ ಮೆಚ್ಚಿದವರು 11. ಇದೇ ಸಾಕಿತ್ತು, ಆದರೆ ನೀನು ಬೈದವರ ಮಾತನ್ನೇ ತೂಕಕ್ಕೆ ಹಾಕುವವಳು, ಹಾಗಾಗಿ ಆ ಆರನ್ನೇ ನೋಡೋಣ. ಅವರಲ್ಲಿ ನಾಲ್ವರ ಮಾತು ಒಂದೇ: "ಕೇಸು ಎಲ್ಲಿ ಹೋಯಿತು?" ಅಧ್ಯಾಯ ಕೆಟ್ಟದ್ದೆಂದು ಅವರು ಹೇಳಿಲ್ಲ. ಹದಿಮೂರರ ಕೊನೆಯಲ್ಲಿ ಗಡಿಗೆಯೊಳಗಿನ ದನಿಯ ಮನುಷ್ಯ ಜೀವಂತವಾಗಿ ದಫ್ತರದ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಪುಟ ತಿರುವಿದರೆ ಅವನಿಲ್ಲ. ನಿನ್ನ ಹುಡುಗಿ ತನ್ನ ತಾಯಿಯ ಗಡಿಗೆಯ ಮುಂದೆ ಕೂತಿದ್ದಾಳೆ, ಹತ್ತೊಂಬತ್ತು ಪುಟ ಅಲ್ಲೇ ಕೂತಿರುತ್ತಾಳೆ, ಒಂದೂ ಪ್ರಶ್ನೆ ಕೇಳುವುದಿಲ್ಲ. ಓದುಗರ ಎದೆ ಇನ್ನೂ ಬಾಗಿಲಲ್ಲೇ ಹೊಡೆದುಕೊಳ್ಳುತ್ತಿದೆ, ನೀನು ಶೋಕಕ್ಕೆ ಕರೆದೊಯ್ದಿದ್ದೀಯ. ಕೊರತೆ ಇರುವುದು ಎರಡರ ನಡುವೆ.

ಇದಕ್ಕೆ ಕಾವ್ಯಮೀಮಾಂಸಕ ಆನಂದವರ್ಧನ ದಾರಿ ಹೇಳಿದ್ದಾನೆ. ಅವನ ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ, ಅಂದರೆ ಅಧ್ಯಾಯದಲ್ಲಿ, ಎರಡು ಮಾತಿವೆ, ಎರಡೂ ನಿನಗೇ ಬರೆದಂತಿವೆ. ಇಡೀ ಕೃತಿಯಲ್ಲಿ ನಾನಾ ರಸಗಳಿರಲಿ, ಒಂದು 'ಅಂಗಿ', ಅಂದರೆ ಪ್ರಧಾನ, ಆಗಬೇಕು, ಉಳಿದವು ಅದಕ್ಕೆ ಅಂಗವಾಗಬೇಕು. ಹಾಗೆಯೇ ಒಂದರ ಬೆನ್ನಿಗೇ ಇನ್ನೊಂದು ಬಂದರೆ ಕೆಡುವ ರಸಗಳ ನಡುವೆ ಮೂರನೆಯದೊಂದನ್ನು ಇಡಬೇಕು. ಶಾಂತಕ್ಕೂ ಶೃಂಗಾರಕ್ಕೂ ನಡುವೆ ಅದ್ಭುತವನ್ನು ಇಟ್ಟ ಸಂಸ್ಕೃತ ನಾಟಕ ನಾಗಾನಂದ ಅದಕ್ಕೆ ಉದಾಹರಣೆ. ಪತ್ತೇದಾರಿಯಿಂದ ಮನೆಯ ಶೋಕಕ್ಕೆ ಹೋಗುವಾಗ ನಿನಗೂ ನಡುವೆ ಒಂದು ಅದ್ಭುತ ಬೇಕು. ಬಾಗಿಲಲ್ಲಿ ನಿಂತವನನ್ನು ಕಂಡ ರಾತ್ರಿಯೇ ಅವಳು ದೀಪ ಹಿಡಿದು ಉಗ್ರಾಣಕ್ಕೆ ಹೋಗಲಿ, ಮೊಹರು ಒಡೆದ ಗಡಿಗೆ ಬೇರೆ ಯಾವುದಾದರೂ ಇದೆಯೇ ಎಂದು ಸಾಲುಸಾಲಾಗಿ ತಪಾಸಣೆ ಮಾಡಲಿ. ಅದು ತನಿಖೆಯೇ, ಕೇಸು ಕೈಬಿಟ್ಟಿಲ್ಲ. ಕತ್ತಲಲ್ಲಿ ನೂರಾರು ಗಡಿಗೆಗಳು, ಕೆಲವು ಹಗುರ, ಕೆಲವು ಇನ್ನೂ ಬೆಚ್ಚಗೆ. ಹಾಗೆ ಮುಟ್ಟುತ್ತ ಮುಟ್ಟುತ್ತ ಅವಳ ಕೈ ತಾಯಿಯ ಗಡಿಗೆಗೆ ತಗಲಲಿ. ಎರಡು ಪುಟ, ಹೆಚ್ಚೆಂದರೆ ಎರಡೂವರೆ. ಅಲ್ಲಿಂದ ಹದಿನಾಲ್ಕು ಶುರುವಾಗಲಿ.

ಆ ಅಧ್ಯಾಯ ತೆಗೆದರೆ ಇಪ್ಪತ್ತೇಳನೆಯದು ಕುಸಿಯುತ್ತದೆ, ಅದನ್ನು ನೋಡಿಕೊಂಡೆಯಾ? ದನಿ ಒಂದು ವರ್ಷ ಇರುತ್ತದೆ, ಮೂರು ಪ್ರಶ್ನೆಗೆ ಉತ್ತರಿಸಿ ಖಾಲಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಏನನ್ನೂ ಕೇಳದೆ ಬಿಟ್ಟ ದನಿ ವರ್ಷ ಕಳೆದರೂ ಅಳಿಯುವುದಿಲ್ಲ ಎಂಬುದು ಓದುಗರಿಗೆ ಗೊತ್ತಾಗುವ ಏಕೈಕ ಜಾಗ ಹದಿನಾಲ್ಕು: ತಾಯಿ ಸತ್ತು ಎರಡು ವರ್ಷವಾದರೂ ಆ ಗಡಿಗೆ ಬೆಚ್ಚಗಿರುತ್ತದೆ. ಒಗಟು ಬಿಡುವುದೇ ಆ ನಿಯಮದಿಂದ. ಗಡಿಗೆಯಲ್ಲಿದ್ದದ್ದು ಬಹಳ ಹಿಂದೆ ಸತ್ತ ನಿಜವಾದ ವಾರಸುದಾರನ ದನಿ, ಬಾಗಿಲಲ್ಲಿ ನಿಂತವನು ಅವನ ಹೆಸರು ಹೊತ್ತ ಮೋಸಗಾರ. ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಅತಿಮಾನುಷವನ್ನು ಎರಡನೆಯ ನಿಯಮದಲ್ಲೇ ಹೊರಗಿಟ್ಟರು. ಕಾರಣ ಸ್ಪಷ್ಟ: ಮಾಯೆಯಿಂದ ಏನು ಬೇಕಾದರೂ ಆಗುವುದಾದರೆ ಓದುಗ ಊಹಿಸುವುದು ಹೇಗೆ? ಇಂಥ ಬೆರಕೆ ಸಾಧ್ಯವೆಂದು ತೋರಿಸಿದವರೆಲ್ಲ ಮಾಡಿದ್ದು ಒಂದೇ ಕೆಲಸ, ಲೋಕದ ಮಿತಿಗಳನ್ನು ಮೊದಲೇ ಓದುಗರ ಕೈಗೆ ಕೊಟ್ಟುಬಿಡುವುದು. ವಿಜ್ಞಾನ ಕಥೆಗಳ ಲೇಖಕ ಐಸಾಕ್ ಆಸಿಮೋವ್ 1954ರ 'ದಿ ಕೇವ್ಸ್ ಆಫ್ ಸ್ಟೀಲ್'ನಲ್ಲಿ ರೋಬಾಟುಗಳ ನಿಯಮಗಳನ್ನು ಇಟ್ಟುಕೊಂಡೇ ಕೊಲೆಯ ತನಿಖೆ ನಡೆಸಿದರು. ನೀನು ಹದಿನಾಲ್ಕನ್ನು ತೆಗೆದ ದಿನ ಇಪ್ಪತ್ತೇಳರ ಉತ್ತರ ಆಕಾಶದಿಂದ ಉದುರಿದಂತೆ ಕಾಣುತ್ತದೆ. ಆಗ ಬರುವ ಅಭಿಪ್ರಾಯಗಳು ಈಗಿನದಕ್ಕಿಂತ ಕಟುವಾಗಿರುತ್ತವೆ, ಆಗ ಅವರ ಮಾತು ಸರಿಯೂ ಆಗಿರುತ್ತದೆ.

ಆ ನಿಯಮವನ್ನು ಬೇರೆಲ್ಲೋ ಒಂದು ಸಾಲಿನಲ್ಲಿ ಹೇಳಿಬಿಡಬಹುದು ಎಂದು ನೀನು ಅಂದೇ ಅನ್ನುತ್ತೀಯ. ಹೇಳಬಹುದು. ಆದರೆ ಒಂದು ಸಾಲಿನಲ್ಲಿ ಹೇಳಿದ ನಿಯಮವನ್ನು ಚುರುಕಾದ ಓದುಗರು ಸುಳಿವೆಂದು ಅಲ್ಲೇ ಗುರುತಿಸುತ್ತಾರೆ, ಉಳಿದವರು ಮರೆಯುತ್ತಾರೆ. ಇಲ್ಲಿ ಅದು ಮಗಳ ಸಂಕಟದೊಳಗೆ ಅಡಗಿದೆ. ಕಣ್ಣೆದುರೇ ಇದ್ದೂ ಯಾರಿಗೂ ಕಾಣುವುದಿಲ್ಲ. ಅವಳಿಗೆ ಕೇಳಬೇಕಾದ್ದು ಬೇಕಾದಷ್ಟಿದೆ; ಕೇಳಿದರೆ ದನಿ ಮುಗಿದುಹೋಗುತ್ತದೆ; ಹಾಗಾಗಿ ಕೇಳುವುದಿಲ್ಲ. ಇಷ್ಟು ಸರಳವಾದದ್ದನ್ನು ಹತ್ತೊಂಬತ್ತು ಪುಟ ಹಿಡಿದು ನಿಲ್ಲಿಸಿದ್ದೀಯ. ಕಡಿಮೆ ಮಾಡಲೇಬೇಕೆಂದರೆ 211ರಿಂದ 214ರವರೆಗಿನ ಬಾಲ್ಯದ ವರ್ಣನೆ ತೆಗೆ, ಹದಿನೈದು ಪುಟ ಉಳಿಸು. ಕೊನೆಯ ಎರಡು ಪುಟ ಹಾಗೇ ಇರಲಿ. ಅದನ್ನು ಅಳಿಸಿಬಿಡುತ್ತೀಯೇನೋ ಎಂಬ ಭಯವೇ ನನಗೆ ಹಗಲೂ ರಾತ್ರಿ. ಇದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆಂದು ಗೊತ್ತು, ಬೇಜಾರು ಮಾಡಿಕೊಳ್ಳಬೇಡ.

ಅಭಿಪ್ರಾಯ ಬರೆದವರಿಗೆ ಉತ್ತರ ಕೊಡಲು ಹೋಗಬೇಡ, ಹೊಗಳಿದವರಿಗೂ. ಲೇಖಕಿ ಅಲ್ಲೇ ನಿಂತಿದ್ದಾಳೆಂದು ತಿಳಿದ ಮೇಲೆ ಮುಂದಿನವರು ಬಿಚ್ಚು ಮನಸ್ಸಿನಿಂದ ಬರೆಯುವುದಿಲ್ಲ, ನಿನಗೆ ಬೇಕಾದ ಸಾಕ್ಷಿಯೇ ಬತ್ತಿಹೋಗುತ್ತದೆ. ವಾರಕ್ಕೊಮ್ಮೆ, ಹಗಲಿನಲ್ಲಿ, ಎಲ್ಲವನ್ನೂ ಒಟ್ಟಿಗೆ ಓದು. ರಾತ್ರಿ ಎರಡು ಗಂಟೆಗೆ ಎದ್ದು ಹೊಸದೇನು ಬಂತೆಂದು ನೋಡುವುದನ್ನು ನಿಲ್ಲಿಸು. ನಿದ್ದೆಗೆಟ್ಟ ಕಣ್ಣಿಗೆ ಒಂದು ಸ್ಟಾರ್ ಹತ್ತರಷ್ಟು ದೊಡ್ಡದಾಗಿ ಕಾಣುತ್ತದೆ. ಉಪದೇಶ ಮಾಡುವುದಿಲ್ಲ ಅಂದುಕೊಂಡೇ ಕೂತಿದ್ದೆ, ಆದರೂ ನಿನ್ನ ನಿದ್ದೆಯ ಮಾತು ಹೇಳದೆ ಇರಲಾರೆ.

ಹದಿಮೂರರ ಕೊನೆಯ ಆ ಎರಡು ಪುಟ ಬರೆದಾದ ಮೇಲೆ 185ರಿಂದ 225ರವರೆಗೆ ಅಚ್ಚು ಹಾಕಿಸಿ ಮೂವರಿಗೆ ಕೊಡು: ಪತ್ತೇದಾರಿ ಮಾತ್ರ ಓದುವ ಒಬ್ಬರು, ಫ್ಯಾಂಟಸಿ ಮಾತ್ರ ಓದುವ ಒಬ್ಬರು, ಎರಡನ್ನೂ ಓದದ ಒಬ್ಬರು. ಹಿಂದಿನ ಕಥೆಯನ್ನು ಅರ್ಧ ಪುಟದಲ್ಲಿ ಬರೆದು ಲಗತ್ತಿಸು. ಹೇಗಿದೆ ಎಂದು ಕೇಳಬೇಡ. ಓದುತ್ತ ಓದುತ್ತ ಎಲ್ಲಿ ಕೆಳಗಿಟ್ಟು ಎದ್ದರೋ ಅಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕಲಿ, ಅಷ್ಟು ಸಾಕು. ಮೂರು ಗೀಟೂ 203ರ ಆಸುಪಾಸಿನಲ್ಲೇ ಬಿದ್ದರೆ ನನಗೆ ಫೋನ್ ಮಾಡು, ಆಗ ಕತ್ತರಿಸುವ ಮಾತಾಡೋಣ.

ನಿನ್ನ
ಅಮ್ಮ