ಮಗಳಿಗೊಂದು ಪತ್ರ: ಎರಡನೇ ಗೇರು ಕೆಡಿಸಿದ್ದು ನೀನಲ್ಲ

ತೀರ್ಥಹಳ್ಳಿ
ಭಾನುವಾರ ಸಂಜೆ

ಪುಟ್ಟೀ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅರ್ಧಕ್ಕೇ ನಗುತ್ತೀಯ, ನಾನು ಅಡಿಕೆ ರೇಟಿನ ಕಡೆ ಮಾತು ತಿರುಗಿಸುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಬುಲೆಟ್ಟಿನ ಗೇರ್ ಬಾಕ್ಸ್ ಬಿಚ್ಚಿದೆ. ನಾನೇ, ಮನೆಯಲ್ಲೇ, ಹಿತ್ತಲ ಕಡೆಯ ಜಗಲಿಯಲ್ಲಿ. ಹದಿನಾರು ದಿನ ಹಿಡಿಯಿತು. "ಮಾರಿಬಿಡಪ್ಪ, ನಿನಗೂ ವಯಸ್ಸಾಯ್ತು ಅದಕ್ಕೂ ವಯಸ್ಸಾಯ್ತು" ಅಂತ ನೀನು ಹೇಳಿದ್ದು ಪ್ರತಿ ಬೋಲ್ಟ್ ಬಿಚ್ಚುವಾಗಲೂ ನೆನಪಾಗುತ್ತಿತ್ತು.

ರೋಗ ನಿನಗೆ ಗೊತ್ತೇ ಇದೆ. ಎರಡನೇ ಗೇರು ಬಿಡುತ್ತಿತ್ತು. ಊರೊಳಗೆ ಏನೂ ತೊಂದರೆ ಇಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, ತಿರುವಿನಲ್ಲಿ ರೇಸ್ ಕಮ್ಮಿ ಮಾಡಿ ಮತ್ತೆ ಕೊಟ್ಟೆವೋ, ಟಕ್ ಅಂತ ಗೇರು ಬಿಟ್ಟು ಇಂಜಿನ್ ಸುಮ್ನೆ ಕೂಗಿಕೊಳ್ಳುತ್ತಿತ್ತು. ಹಿಂದೆ ಬಸ್ಸು ಇರುತ್ತೆ, ಗಾಡಿ ಹಿಂದಕ್ಕೆ ಜಾರುತ್ತೆ. ಹದಿನಾಲ್ಕು ತಿರುವಿನಲ್ಲಿ ನಾಲ್ಕೈದು ಕಡೆ ಹೀಗಾದರೆ ಎಂಥವನಿಗೂ ದೇವರು ನೆನಪಾಗುತ್ತಾನೆ. ಒಬ್ಬ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಬದಲಿಸಿ ದುಡ್ಡು ತೆಗೆದುಕೊಂಡ. ಇನ್ನೊಬ್ಬ "ಸರ್, ಇದು ಹಿಂಗೇ" ಅಂದ. ಎರಡನೆಯವನು ದುಡ್ಡು ತೆಗೆದುಕೊಳ್ಳಲಿಲ್ಲ, ಅವನೇ ವಾಸಿ.

ಹಳೆ ಬುಲೆಟ್ಟಿನಲ್ಲಿ ಒಂದು ಅನುಕೂಲ ಇದೆ. ಗೇರ್ ಬಾಕ್ಸ್ ಬೇರೆ, ಇಂಜಿನ್ ಬೇರೆ. ಇಂಜಿನ್ನಿನ ಬೆನ್ನಿಗೆ ಬೋಲ್ಟ್ ಹಾಕಿ ಕೂರಿಸಿದ ಪೆಟ್ಟಿಗೆ ಅದು. ನಿನ್ನ ದೊಡ್ಡಪ್ಪನ ಮೈಸೂರು ಯೆಜ್ಡಿ ಬೈಕಿನಲ್ಲಿ ಹಾಗಲ್ಲ. ಅದರಲ್ಲಿ ಒಂದು ಗೇರು ನೋಡಬೇಕು ಅಂದರೂ ಇಂಜಿನ್ನನ್ನೇ ಕೆಳಗಿಳಿಸಿ, ತೆಂಗಿನಕಾಯಿ ಹೋಳು ಮಾಡಿದ ಹಾಗೆ ಎರಡು ಭಾಗ ಮಾಡಬೇಕು. ನಮ್ಮದು ಇಂಗ್ಲೆಂಡಿನ ಆಲ್ಬಿಯನ್ ಮಾದರಿಯ ನಾಲ್ಕು ಗೇರಿನ ಬಾಕ್ಸು. ಮದ್ರಾಸಿನಲ್ಲಿ 1955ರಲ್ಲಿ ಶುರುವಾದ ಕಂಪನಿ ಅದನ್ನೇ ದಶಕಗಟ್ಟಲೆ ಮಾಡಿಕೊಂಡು ಬಂತು. ಬಲಗಾಲಿನ ಗೇರು, ಎಡಗಾಲಿನ ಬ್ರೇಕು. ಒಂದನೆಯದಕ್ಕೆ ಲಿವರ್ ಮೇಲೆತ್ತಬೇಕು, ಉಳಿದ ಮೂರಕ್ಕೂ ಕೆಳಗೆ ಒತ್ತಬೇಕು. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತೆ.

ಮೊದಲು ಆಯಿಲ್ ಇಳಿಸಿದೆ. ಅಮ್ಮನ ಹಳೆ ಸ್ಟೀಲ್ ತಟ್ಟೆಗೆ ಹಿಡಿದು ಬಿಸಿಲಿನಲ್ಲಿ ಓರೆ ಮಾಡಿ ನೋಡಿದರೆ ಒಳಗೆ ಮಿಣಮಿಣ. ಕೆಟ್ಟುಹೋದ ರೇಡಿಯೋದ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರೊಳಗೆ ಆಡಿಸಿದೆ. ಬೂದು ಬಣ್ಣದ ಪುಡಿ ಮೀಸೆಯ ಹಾಗೆ ಅಂಟಿಕೊಂಡು ಬಂತು. ಅದು ಉಕ್ಕು, ಅಂದರೆ ಗೇರಿನದು. ಆದರೆ ತಟ್ಟೆಯ ತಳದಲ್ಲಿ ಇನ್ನೊಂದು ಪುಡಿ ಉಳಿದಿತ್ತು, ಬಂಗಾರದ ಬಣ್ಣದ್ದು. ಅಯಸ್ಕಾಂತಕ್ಕೆ ಕ್ಯಾರೇ ಅನ್ನಲಿಲ್ಲ. ಅದು ಕಂಚು, ಅಂದರೆ ಬುಷ್, ಶಾಫ್ಟು ತಿರುಗುವುದಕ್ಕೆ ಹಾಕಿದ ಕಂಚಿನ ಬಳೆ. ಪೆಟ್ಟಿಗೆ ಬಿಚ್ಚುವ ಮೊದಲೇ ಒಳಗೆ ಎರಡು ಕಡೆ ಸವೆದಿದೆ ಅಂತ ಗೊತ್ತಾಯಿತು.

ಕಿಕ್ಕರ್, ಗೇರ್ ಲಿವರ್, ಹಿಮ್ಮಡಿಯಲ್ಲಿ ಒತ್ತುವ ನ್ಯೂಟ್ರಲ್ ಲಿವರ್ ತೆಗೆದು ಹೊರ ಕವರ್ ಬಿಚ್ಚಿದೆ. ಆಮೇಲೆ ಒಳ ಕವರ್. ಎಡಗಡೆ ಕ್ಲಚ್ ಬಿಚ್ಚಿದ ಕತೆ ಬೇಡ. ಎರಡು ಸಂಜೆ, ಒಂದು ಉಗುರು ಹೋಯಿತು. ಗೇರುಗಳನ್ನು ಒಂದೊಂದಾಗಿ ತೆಗೆದು, ಬಂದ ಕ್ರಮದಲ್ಲೇ, ಬಂದ ಮುಖದಲ್ಲೇ ಬೈಂಡಿಂಗ್ ತಂತಿಗೆ ಪೋಣಿಸಿದೆ. ಅಮ್ಮ ಮಲ್ಲಿಗೆ ಪೋಣಿಸುತ್ತಾ ಪಕ್ಕದಲ್ಲೇ ಕೂತಿದ್ದಳು. "ನಿಮ್ಮ ಹಾರ ಯಾವ ದೇವರಿಗೆ?" ಅಂದಳು.

ಈಗ ಅಸಲು ವಿಷಯ.

ಗೇರಿನ ಸುತ್ತ ಇರುವ ಹಲ್ಲು ಎಲ್ಲರಿಗೂ ಗೊತ್ತು. ಅದು ಹಾಳಾಗಿರಲಿಲ್ಲ. ಗೇರಿನ ಪಕ್ಕದ ಮುಖದಲ್ಲಿ ದಪ್ಪ ದಪ್ಪ ಉಬ್ಬುಗಳಿರುತ್ತವೆ, ಡಾಗ್ ಅಂತಾರೆ. ಗೇರು ಹಾಕುವುದು ಅಂದರೆ ಒಂದು ಗೇರನ್ನು ಶಾಫ್ಟಿನ ಮೇಲೆ ಸರಿಸಿ, ಅದರ ಡಾಗನ್ನು ಪಕ್ಕದ ಗೇರಿನ ಸಂದಿಗೆ ಕಚ್ಚಿಸುವುದು, ಅಷ್ಟೇ. ಡಾಗಿನ ಮೂಲೆ ಚೂಪಾಗಿ, ಚೌಕವಾಗಿ ಇರಬೇಕು. ನಮ್ಮ ಎರಡನೇ ಗೇರಿನದು ಚೀಪಿ ಬಿಟ್ಟ ಪೆಪ್ಪರ್‌ಮಿಂಟಿನ ಹಾಗೆ ಉರುಟಾಗಿತ್ತು. ಭಾರ ಬಿದ್ದಾಗ ಆ ಉರುಟು ಮೂಲೆಯ ಮೇಲೆ ಜಾರಿ ಹೊರಗೆ ಬರದೆ ಇನ್ನೇನು ಮಾಡುತ್ತೆ?

ಆದರೆ ಡಾಗು ಪೂರ್ತಿ ಸವೆದಿರಲಿಲ್ಲ ನೋಡು. ಟಾರ್ಚ್ ಹಿಡಿದು, ಕನ್ನಡಕ ಹಣೆಗೆ ಏರಿಸಿ ನೋಡಿದೆ. ತುದಿಯ ಅರ್ಧ ಮಾತ್ರ ಸವೆದಿದೆ. ಬುಡದ ಅರ್ಧ ಹೊಸದರ ಹಾಗೇ ಇದೆ. ಅಂದರೆ ಅದು ಯಾವತ್ತೂ ಪೂರ್ತಿ ಒಳಗೆ ಕಚ್ಚಿಕೊಂಡೇ ಇಲ್ಲ. ಮೂರನೆಯದನ್ನು ನೋಡಿದೆ, ಅಲ್ಲೂ ತುದಿಯಲ್ಲಿ ಸ್ವಲ್ಪ ಸವೆತ. ಒಂದನೆಯದಕ್ಕೆ ಮಾತ್ರ ಏನೂ ಆಗಿಲ್ಲ. ಕೆಳಗೆ ಒತ್ತಿ ಹಾಕುವ ಗೇರಿಗಷ್ಟೇ ರೋಗ, ಮೇಲೆತ್ತಿ ಹಾಕುವುದಕ್ಕಿಲ್ಲ. ಇದು ಕಾಲಿನ ತಪ್ಪಲ್ಲ ಅಂತ ಆಗ ಹೊಳೆಯಿತು.

ಕವರಿನೊಳಗೆ ಒಂದು ಚಿಕ್ಕ ಸ್ಟಾಪ್ ಪ್ಲೇಟ್ ಇದೆ. ಲಿವರ್ ಒಂದು ಸಲಕ್ಕೆ ಎಷ್ಟು ಮೇಲೆ, ಎಷ್ಟು ಕೆಳಗೆ ಹೋಗಬೇಕು ಅಂತ ನಿಲ್ಲಿಸುವುದು ಅದೇ. ಎರಡು ಬೋಲ್ಟ್ ಸಡಿಲಿಸಿದರೆ ಆಚೀಚೆ ಸರಿಯುತ್ತೆ. ಅದು ಒಂದು ಪಕ್ಕಕ್ಕೆ ಜಾಸ್ತಿ ಸರಿದು ಕೂತಿತ್ತು. ಹಾಗಾಗಿ ಕೆಳಗೆ ಒತ್ತಿದಾಗ ಗೇರು ಪೂರ್ತಿ ಸರಿಯುವ ಮೊದಲೇ ಲಿವರ್ ನಿಂತುಬಿಡುತ್ತಿತ್ತು. ಯಾರು ಇದನ್ನು ಮುಟ್ಟಿದ್ದು ಅಂತ ಬೈಯುತ್ತಾ ಬೋಲ್ಟ್ ಒರೆಸಿದೆ. ತಲೆಯ ಮೇಲೆ ಕೆಂಪು ಗೆರೆ.

ನೇಲ್ ಪಾಲಿಶ್.

ಬಿಗಿ ಮಾಡಿದ ಬೋಲ್ಟಿಗೆ ನೇಲ್ ಪಾಲಿಶಿನಲ್ಲಿ ಗುರುತು ಹಾಕುವವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಆ ಬಾಟಲಿ ನಿನ್ನದು, ಎಂಟನೇ ಕ್ಲಾಸಿನ ಸ್ಕೂಲ್ ಡೇ ಡ್ಯಾನ್ಸಿಗೆ ತಂದಿದ್ದು. ನೀನು ಬುಲೆಟ್ ಕಲಿತದ್ದು ಪಿಯುಸಿ ಮುಗಿದ ಮೇಲೆ. ನ್ಯೂಟ್ರಲ್ ಸಿಗುತ್ತಿಲ್ಲ ಅಂತ ಆ ಡ್ಯಾನ್ಸಿನ ವರ್ಷವೇ ಯಾವತ್ತೋ ಒಂದು ದಿನ ನಾನೇ ಆ ಪ್ಲೇಟ್ ಸರಿಸಿ, ಸರಿ ಮಾಡಿದೆ ಅಂತ ಹೆಮ್ಮೆಯಿಂದ ಗುರುತೂ ಹಾಕಿದ್ದೇನೆ. ನೀನು ಹ್ಯಾಂಡಲ್ ಹಿಡಿಯುವ ಹೊತ್ತಿಗೆ ಆ ಡಾಗು ನಾಲ್ಕು ವರ್ಷದಿಂದ ಸವೆಯುತ್ತಿತ್ತು.

ಆ ದಿನ ನೆನಪಿದೆ ಅಲ್ವಾ? ಶೃಂಗೇರಿ ಅತ್ತೆಯ ಮನೆಯವರೆಲ್ಲ ಬಂದಿದ್ದರು. ನೀನು ಒಂದು ಸುತ್ತು ಹೋಗಿ ಬಂದು, "ಅಪ್ಪ, ಎರಡನೇ ಗೇರು ನಿಲ್ತಾ ಇಲ್ಲ" ಅಂದೆ. ನಾನು ಎಲ್ಲರ ಎದುರಿಗೆ, "ಒದ್ದು ಒದ್ದು ಗೇರು ಹಾಕ್ತೀಯ, ಒಂದೇ ತಿಂಗಳಲ್ಲಿ ಬಾಕ್ಸ್ ತಿಂದು ಹಾಕಿದೆ" ಅಂದೆ. ನೀನು ಕೀ ಮೊಳೆಗೆ ನೇತುಹಾಕಿ ಒಳಗೆ ಹೋದೆ. ಆಮೇಲೆ ಆ ಕೀ ಮುಟ್ಟಲೇ ಇಲ್ಲ. ಸ್ಕೂಟಿ ಸಾಕು ಅಂದೆ. ಹುಡುಗಿಗೆ ಭಾರ ಆಯ್ತು ಅಂತ ನಾನು ಊರಿಗೆಲ್ಲ ಹೇಳಿಕೊಂಡು ಬಂದೆ.

ತಪ್ಪು ನನ್ನದು ಪುಟ್ಟಿ. ಪ್ಲೇಟ್ ಸರಿಸಿದ್ದೂ, ಆ ಮಾತೂ.

ರಿಪೇರಿ ಹೇಗಾಯಿತು ಅಂತಲೂ ಹೇಳಿಬಿಡುತ್ತೇನೆ. ಎರಡನೆಯದರ ಜೋಡಿ ಗೇರು, ಲೇ ಶಾಫ್ಟಿನ (ಬಾಕ್ಸಿನೊಳಗಿನ ಎರಡನೇ ಶಾಫ್ಟು) ಬುಷ್, ಪ್ಯಾಕಿಂಗ್ ಎಲ್ಲಾ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಕ್ಕಿತು. ಖರ್ಚು ಅಮ್ಮನಿಗೆ ಹೇಳಿದ್ದು ಒಂದು, ನಿಜ ಇನ್ನೊಂದು. ಬೇರಿಂಗಿಗೆ ಅಷ್ಟು ದೂರ ಹೋಗಬೇಕಿಲ್ಲ. ಪಕ್ಕದಲ್ಲಿ ಕೊರೆದ ನಂಬರ್ ತೋರಿಸಿದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಕೊಡುತ್ತಾರೆ. ಉದಾಹರಣೆಗೆ 6204 ಅಂತಿದ್ದರೆ ಕೊನೆಯ 04 ಅನ್ನು ಐದರಿಂದ ಗುಣಿಸು, ಒಳಗಿನ ತೂತು 20 ಮಿಲಿಮೀಟರ್. ನೀನು ಇಂಜಿನಿಯರಿಂಗ್ ಓದಿದವಳು, ಇದು ಗೊತ್ತಿರಬಹುದು. ನನಗೆ ಗೊತ್ತಾದದ್ದು ಅಂಗಡಿಯ ಹುಡುಗನಿಂದ.

ಹಳೆ ಬೇರಿಂಗ್ ಒಳ ಕವರಿಗೆ ಅಂಟಿಕೊಂಡು ಕೂತಿತ್ತು. ಸುತ್ತಿಗೆ ಹಾಕಿದರೆ ಕವರ್ ಒಡೆಯುತ್ತೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಹಾಗಾಗಿ ಕವರನ್ನು ಚೆನ್ನಾಗಿ ತೊಳೆದು, ದೋಸೆ ಕಾವಲಿಯ ಮೇಲೆ ಬೋರಲು ಇಟ್ಟು ಸಣ್ಣ ಉರಿ ಹಾಕಿದೆ. ನೀರು ಚಿಮುಕಿಸಿದರೆ ಚುಂಯ್ ಅನ್ನುವಷ್ಟು ಕಾಯಿತು. ಬಟ್ಟೆಯಲ್ಲಿ ಹಿಡಿದೆತ್ತಿ ಮರದ ಮಣೆಗೆ ಒಂದು ಸಲ ಕುಟ್ಟಿದೆ. ಬೇರಿಂಗ್ ತಾನಾಗಿ ಟಪ್ ಅಂತ ಬಿತ್ತು! ಹೊಸದನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಕಾಯಿತುರಿಯ ಡಬ್ಬದ ಪಕ್ಕ ಇಟ್ಟಿದ್ದೆ. ಬಿಸಿ ಕವರಿನೊಳಗೆ ಬೆರಳಿನಲ್ಲೇ ಕೂತಿತು. ಕಾವಲಿ ಈಗ ನನ್ನದು, ಅಮ್ಮನಿಗೆ ಹೊಸದು ಬಂತು.

ಪ್ಲೇಟ್ ಕೂರಿಸುವುದಕ್ಕೆ ಒಂದು ಪೂರ್ತಿ ಬೆಳಗ್ಗೆ ಕೊಟ್ಟೆ. ಗಾಡಿ ನಿಂತಾಗ ಡಾಗಿಗೆ ಡಾಗು ಡಿಕ್ಕಿ ಹೊಡೆದು ನಿಲ್ಲುತ್ತೆ, ಅದನ್ನೇ ನೋಡಿ ಮೋಸ ಹೋಗಬಹುದು. ಹಿಂದಿನ ಸಲ ನಾನು ಮಾಡಿದ್ದು ಇದನ್ನೇ ಇರಬೇಕು. ಈ ಸಲ ಅಮ್ಮ ಹಿಂದಿನ ಚಕ್ರ ತಿರುಗಿಸುತ್ತಾ ಇದ್ದಳು, ನಾನು ಕೈಯಲ್ಲೇ ಗೇರು ಬದಲಿಸುತ್ತಾ ಹೋದೆ, ಒಂದರಿಂದ ನಾಲ್ಕು, ನಾಲ್ಕರಿಂದ ಒಂದು. ಗೇರು ಪೂರ್ತಿ ಕಚ್ಚಿದ ಮೇಲೆ ಲಿವರ್ ನಿಲ್ಲಬೇಕು, ಅದಕ್ಕಿಂತ ಮೊದಲಲ್ಲ.

ಮೊನ್ನೆ ಘಾಟಿ ಇಳಿದು ಹತ್ತಿ ಬಂದೆ. ಎರಡನೆಯದು ಒಂದು ಸಲವೂ ಬಿಡಲಿಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವೆ ಯಾವ ಗೇರೂ ಕಚ್ಚದ ಒಂದು ಸುಳ್ಳು ನ್ಯೂಟ್ರಲ್ ಆಗಾಗ ಸಿಗುತ್ತೆ. ಅದು ಈ ಬಾಕ್ಸಿನ ಹುಟ್ಟುಗುಣ, ಅದಕ್ಕೆ ಯಾರನ್ನೂ ಬೈಯುವುದಿಲ್ಲ.

ಕೀ ಅದೇ ಮೊಳೆಯಲ್ಲಿದೆ. ದೀಪಾವಳಿಗೆ ಬರುವಾಗ ಒಂದು ನೇಲ್ ಪಾಲಿಶ್ ತಾ. ಹಳೆಯದು ಒಣಗಿ ಕಲ್ಲಾಗಿದೆ, ಪ್ಲೇಟಿನ ಬೋಲ್ಟಿಗೆ ಇನ್ನೂ ಗುರುತು ಹಾಕಿಲ್ಲ. ಬಣ್ಣ ನಿನ್ನಿಷ್ಟ.

ನಿನ್ನ
ಅಪ್ಪ