ಗೆಳೆಯನಿಗೊಂದು ಪತ್ರ: ಪುಟ್ಟಿಗೆ ಎಣಿಸುವ ಪುಸ್ತಕ

ಪ್ರೀತಿಯ ಮಂಜು,

ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಪುಟ್ಟಿ ಒಂದರಿಂದ ಇಪ್ಪತ್ತರವರೆಗೆ ಒಂದೇ ಉಸಿರಿಗೆ ಹೇಳುವುದು ಎಷ್ಟು ಚೆಂದ! ಆಮೇಲೆ "ತಟ್ಟೆಯಲ್ಲಿ ಎಷ್ಟು ಇಡ್ಲಿ ಇದೆ?" ಅಂತ ನೀನು ಕೇಳಿದೆ. ಇದ್ದದ್ದು ಮೂರು, ಅವಳು "ಏಳು" ಅಂದಳು. ನಿನ್ನ ದನಿಯಲ್ಲಿ ಗಾಬರಿ ಇತ್ತು. ಗಾಬರಿ ಬೇಡ ಮಾರಾಯ. ಮೂರು ವರ್ಷದ ಮಕ್ಕಳು ಹೀಗೆ ಹೇಳುವುದು ತೀರಾ ಸಹಜ.

ಸಂಖ್ಯೆಗಳ ಹೆಸರು ಹೇಳುವುದು ಬೇರೆ, ಎಣಿಸುವುದು ಬೇರೆ. ಬಾಳೆಲೆ ಹರಡಿ ಅನ್ನ ಬಡಿಸುವ ಹಾಡು ನಮಗಿಬ್ಬರಿಗೂ ಮಾತು ಬಂದಾಗಿನಿಂದ ಬಾಯಿಪಾಠ, ಅಲ್ವಾ? ಅದು ಹೆಸರುಗಳ ಸಾಲನ್ನು ಕಲಿಸುತ್ತದೆ. ಆ ಸಾಲೂ ಬೇಕೇ ಬೇಕು. ಆದರೆ ಎಣಿಸುವಾಗ ಒಂದು ವಸ್ತುವಿಗೆ ಒಂದೇ ಹೆಸರು ಹೇಳಬೇಕು. ಯಾವುದನ್ನೂ ಬಿಡಬಾರದು, ಯಾವುದನ್ನೂ ಎರಡು ಸಲ ಮುಟ್ಟಬಾರದು. ಕೊನೆಗೆ ಹೇಳಿದ ಸಂಖ್ಯೆಯೇ "ಒಟ್ಟು ಎಷ್ಟು" ಎಂಬುದಕ್ಕೆ ಉತ್ತರ ಅಂತ ಗೊತ್ತಿರಬೇಕು. ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟಲ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲೇ ಇದನ್ನೆಲ್ಲ ಬಿಡಿಸಿ ಬರೆದಿದ್ದಾರೆ. ನಮ್ಮ ಮಗನಿಗೆ ಕಷ್ಟವಾದದ್ದು ಆ ಕೊನೆಯದೇ. ಐದು ಬಾಳೆಹಣ್ಣನ್ನು ಸರಿಯಾಗಿ ಎಣಿಸುತ್ತಿದ್ದ. "ಹಾಗಾದರೆ ಎಷ್ಟು?" ಅಂದರೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದ!

ಗೋಡೆಗೆ ಅಂಟಿಸುವ ಚಾರ್ಟ್ ತರಬೇಡ. ಒಂದು ಸೇಬು, ಎರಡು ಚೆಂಡು, ಮೂರು ಕೊಡೆ ಅಂತ ಸುಮ್ನೆ ಸಾಲಾಗಿ ನಿಂತಿರುತ್ತವೆ. ಪಕ್ಕದಲ್ಲೇ ಅಂಕಿಯೂ ಇರುತ್ತದೆ. ಮಗು ಯಾಕೆ ಎಣಿಸಬೇಕು? ಎಣಿಸುವುದಕ್ಕೆ ಅದಕ್ಕೊಂದು ಕಾರಣ ಬೇಕು.

ಎರಿಕ್ ಕಾರ್ಲ್ ಅವರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಪುಸ್ತಕದಲ್ಲಿ ಆ ಕಾರಣ ಒಂದು ತೂತು. 1969ರ ಪುಸ್ತಕ ಅದು. ಕಾಗದಕ್ಕೆ ತೂತು ಹಾಕುವ ಪಂಚ್ ಹಿಡಿದು ಆಡುತ್ತಿದ್ದಾಗ ಅವರಿಗೆ ಈ ಯೋಚನೆ ಹೊಳೆಯಿತಂತೆ. ಹಸಿದ ಕಂಬಳಿಹುಳ ಸೋಮವಾರ ಒಂದು ಹಣ್ಣು ತಿನ್ನುತ್ತದೆ, ಮಂಗಳವಾರ ಎರಡು, ಶುಕ್ರವಾರ ಐದು. ತಿಂದ ಕಡೆಯೆಲ್ಲ ಪುಟದಲ್ಲಿ ನಿಜವಾದ ತೂತು. ಸೋಮವಾರದ ಪುಟ ಕಿರಿದು. ದಿನ ಕಳೆದಂತೆ, ಹಣ್ಣು ಹೆಚ್ಚಿದಂತೆ, ಪುಟವೂ ಅಗಲವಾಗುತ್ತದೆ. ನಾಲ್ಕಕ್ಕಿಂತ ಐದು ಜಾಸ್ತಿ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮಗುವಿನ ಕೈಗೇ ಗೊತ್ತಾಗುತ್ತದೆ.

ನಮ್ಮ ಮಗ ಒಂದೊಂದು ತೂತಿಗೂ ಬೆರಳು ತೂರಿಸಿ ಹೆಸರು ಹೇಳುತ್ತಿದ್ದ. ಅವನನ್ನು ನೋಡುವಾಗ ನನಗೆ ಅಜ್ಜಿಯ ಅಳಗುಳಿ ಮಣೆ ನೆನಪಾಗುತ್ತಿತ್ತು. ಹದಿನಾಲ್ಕು ಗುಳಿ, ಒಂದೊಂದಕ್ಕೂ ಒಂದೊಂದು ಹುಣಸೆಬೀಜ ಹಾಕುತ್ತಾ ಹೋಗಬೇಕು. ಒಂದು ಗುಳಿ ತಪ್ಪಿಸಿದರೂ ಅಜ್ಜಿ ಕೈ ಹಿಡಿಯುತ್ತಿದ್ದಳು. ಇಲ್ಲಿ ಆ ಕೆಲಸವನ್ನು ತೂತು ಮಾಡುತ್ತದೆ. ಹುಳ ತಿನ್ನುವ ಪ್ಲಮ್ ಹಣ್ಣು ಪುಟ್ಟಿಗೆ ಗೊತ್ತಿರಲಿಕ್ಕಿಲ್ಲ. ನಮ್ಮವನು ಅದನ್ನು ನೇರಳೆ ಅನ್ನುತ್ತಿದ್ದ, ನಾವೂ ಹಾಗೇ ಬಿಟ್ಟೆವು. ಶನಿವಾರದ ಪುಟದಲ್ಲಿ ಹುಳ ಕೇಕು, ಐಸ್‌ಕ್ರೀಮು, ಕಲ್ಲಂಗಡಿ ಎಲ್ಲವನ್ನೂ ಒಂದೊಂದು ತಿನ್ನುತ್ತದೆ. ಒಟ್ಟು ಎಷ್ಟು ಅಂತ ಪುಸ್ತಕ ಹೇಳುವುದಿಲ್ಲ. ನೀನೂ ಹೇಳಬೇಡ. ಹತ್ತು ಅಂತ ಅವಳೇ ಒಂದು ದಿನ ಹೇಳಲಿ.

ಇನ್ನೊಂದು ಪುಸ್ತಕ ನನಗೆ ಇದಕ್ಕಿಂತಲೂ ಇಷ್ಟ. ಜಪಾನಿನ ಮಿತ್ಸುಮಾಸ ಅನ್ನೊ ಅವರ ಎಣಿಕೆಯ ಪುಸ್ತಕ, 1975ರದು. ಅನ್ನೊ ಮೊದಲು ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಾಗಿದ್ದವರು. ಪುಸ್ತಕದಲ್ಲಿ ಕಥೆಯ ಸಾಲುಗಳೇ ಇಲ್ಲ. ಅದು ಒಂದರಿಂದ ಅಲ್ಲ, ಸೊನ್ನೆಯಿಂದ ಶುರುವಾಗುತ್ತದೆ: ಬರೀ ಹಿಮ ಬಿದ್ದ ಖಾಲಿ ಬಯಲು. ಮುಂದಿನ ಪುಟಗಳಲ್ಲಿ ಮನೆ, ಮರ, ಜನ ಎಲ್ಲ ಒಂದೊಂದಾಗಿ ಹೆಚ್ಚುತ್ತಾ ಹನ್ನೆರಡಕ್ಕೆ ಹೋಗುತ್ತದೆ. ಹನ್ನೆರಡು ತಿಂಗಳು, ಋತುಗಳೂ ಬದಲಾಗುತ್ತವೆ. ಪುಟದ ಅಂಚಿನಲ್ಲಿ ಬಣ್ಣದ ಚೌಕಗಳು ಒಂದರ ಮೇಲೊಂದು ಏರುತ್ತವೆ. ಚಿತ್ರದಲ್ಲಿ ಮನೆ, ಮರಗಳೆಲ್ಲ ಎಷ್ಟು ಇವೆ ಅಂತ ಹುಡುಕಬೇಕು. ಕೆಲವು ಮೂಲೆಯಲ್ಲಿರುತ್ತವೆ, ಕೆಲವು ಬೆಟ್ಟದ ಬದಿಯಲ್ಲಿ.

ಈ ಪುಸ್ತಕವನ್ನು ಕನ್ನಡದಲ್ಲಿ ಓದಿ ಹೇಳುವಾಗ ಒಂದು ಸೊಗಸು ನೋಡು. ಎರಡು ಮನೆ, ಎರಡು ಮರ ಅನ್ನುತ್ತೀಯ. ಚಿತ್ರದ ಮಕ್ಕಳನ್ನು ಕಂಡ ಕೂಡಲೇ ಬಾಯಿ ತಾನಾಗಿ "ಇಬ್ಬರು" ಅನ್ನುತ್ತದೆ. ಮೂರು ಮರ, ಮೂವರು. ನಾಲ್ಕು ಮರ, ನಾಲ್ವರು. ಆರಕ್ಕೆ ಬಂದರೆ "ಆರು ಜನ". ಮನುಷ್ಯರಿಗೆ ನಮ್ಮ ಭಾಷೆ ಬೇರೆ ಮಾತು ಇಟ್ಟಿದೆ. ಮಗುವಿಗೆ ಇದನ್ನು ವಿವರಿಸಬೇಕಾಗಿಲ್ಲ, ಒಂದೇ ಚಿತ್ರದಲ್ಲಿ ಎರಡನ್ನೂ ತೋರಿಸಿ ಹೇಳುತ್ತಾ ಹೋದರೆ ಸಾಕು. ಹನ್ನೊಂದು, ಹನ್ನೆರಡು ಬಂದಾಗ ಕೊಂಚ ನಿಧಾನ ಮಾಡು. ಒಂದು, ಎರಡು ಆ ಪದಗಳ ಒಳಗೇ ಕೇಳಿಸುತ್ತವೆ.

ಕನ್ನಡದಲ್ಲೇ ಬೇಕೆಂದರೆ, ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದಲ್ಲಿ ಹುಡುಕು. ಮೊಬೈಲಿನಲ್ಲೇ ಓದಬಹುದು, ದುಡ್ಡು ಕೊಡಬೇಕಾಗಿಲ್ಲ. ಆದರೆ ಎಣಿಸುವ ಪುಸ್ತಕ ಕೈಯಲ್ಲಿ ಹಿಡಿಯುವಂಥದ್ದೇ ಇದ್ದರೆ ಒಳ್ಳೆಯದು. ಬೆರಳು ಪುಟವನ್ನು ಮುಟ್ಟಬೇಕು.

ಇನ್ನೊಂದು ವಿಷಯ ಹೇಳಲೇಬೇಕು. ಒಂದು ಪುಸ್ತಕ ಮೇಳದಲ್ಲಿ ಅಗ್ಗಕ್ಕೆ ಸಿಕ್ಕಿದ್ದೊಂದನ್ನು ತಂದಿದ್ದೆ. ಆರು ಅಂತ ಅಂಕಿ ಇದ್ದ ಪುಟದಲ್ಲಿ ಬಾತುಕೋಳಿ ಐದೇ. ನಾನು ಗಮನಿಸಿರಲಿಲ್ಲ. ಮಗ ಎಣಿಸಿದ, ತಿರುಗಿ ಎಣಿಸಿದ. "ಅಪ್ಪಾ, ಒಂದು ಬಾತು ಎಲ್ಲೋ ಹೋಗಿದೆ" ಅಂದ. ಆಗ ನನಗೆ ಮೈ ಜುಮ್ಮೆಂದಿತು. ಅಚ್ಚಾದ ಅಂಕಿಗಿಂತ ಅವನು ತನ್ನ ಎಣಿಕೆಯನ್ನು ನಂಬಿದ್ದ. ಆಮೇಲೆ ಹಸಿರು ಕ್ರೇಯಾನಿನಲ್ಲಿ ಆರನೆಯ ಬಾತನ್ನು ಅವನೇ ಬರೆದ. ಆ ಪುಸ್ತಕ ಇಂದಿಗೂ ನಮ್ಮ ಕಪಾಟಿನಲ್ಲಿದೆ.

ಕಾರ್ಲ್ ಮತ್ತು ಅನ್ನೊ, ಎರಡನ್ನೂ ನಾಳೆ ಕೊರಿಯರ್‌ಗೆ ಹಾಕುತ್ತೇನೆ. ಮಗ ದೊಡ್ಡವನಾದ, ಇನ್ನು ಪುಟ್ಟಿಗಿರಲಿ. ಅನ್ನೊ ಪುಸ್ತಕ ತೆರೆದು ಆ ಹಿಮದ ಪುಟ ಬಂದಾಗ ನೀನು ಏನೂ ಕೇಳಬೇಡ, ಸುಮ್ನೆ ಕೂತಿರು. ನಮ್ಮವನು ಬಹಳ ಹೊತ್ತು ನೋಡಿ "ಇಲ್ಲಿ ಏನೂ ಇಲ್ಲ" ಅಂದಿದ್ದ. ಸೊನ್ನೆ ಅಂದರೆ ಅದೇ ಕಣೋ ಅಂದೆ. ಪುಟ್ಟಿ ಏನು ಹೇಳಿದಳು ಅಂತ ಬರೆ.

ನಿನ್ನ,
ರಾಘು